ಹೈ-ಹ್ಯಾಟ್ ಮತ್ತು ಸಂಗಡಿಗರು

ಕಾಲು ಒತ್ತಿ ಬಾರಿಸಿದರೆ 'ಚಿಕ್' ಎನ್ನಬೇಕಾದದ್ದು 'ಛೀಂ' ಎನ್ನುತ್ತಿತ್ತು. ಅಮಿತಕುಮಾರನ ಆ ಭಾನುವಾರ ಹಾಳಾಗಲು ಇಷ್ಟು ಸಾಕಾಯಿತು.

ಬೀದರಿನ ಮೈಲೂರ ಕಡೆಯ ಅವನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಹೊಸ ಎಲೆಕ್ಟ್ರಾನಿಕ್ ಡ್ರಮ್ ಸೆಟ್ ನಿಂತಿತ್ತು. ಅದಕ್ಕೆ ಜಾಗ ಮಾಡಿಕೊಡಲು ಟಿ.ವಿ. ಅಡಿಗೆಮನೆಗೂ ಹಿಟ್ಟಿನ ಡಬ್ಬಿಗಳು ಮಲಗುವ ಕೋಣೆಗೂ ವರ್ಗವಾಗಿದ್ದವು. ಡ್ರಮ್ ಸೆಟ್ ಎಂದರೆ ಕಬ್ಬಿಣದ ಕೊಳವೆಗೆ ಕಚ್ಚಿಸಿದ ಐದಾರು ರಬ್ಬರ್ ತಟ್ಟೆಗಳು, ಕೆಳಗೆ ಎರಡು ಪೆಡಲ್, ಪಕ್ಕದಲ್ಲಿ ಗುಂಡಿಗಳಿರುವ ಒಂದು ಡಬ್ಬಿ. ತಟ್ಟೆಗೆ ಬಡಿದರೆ ಡಬ್ಬಿ ಸದ್ದು ಮಾಡಬೇಕು. ಉಳಿದದ್ದೆಲ್ಲ ಬರೋಬರ್ ಮಾಡುತ್ತಿತ್ತು. ತಕರಾರು ಹೈ-ಹ್ಯಾಟಿನದು.

ನಿಜವಾದ ಡ್ರಮ್ಮಿನಲ್ಲಿ ಹೈ-ಹ್ಯಾಟ್ ಎಂದರೆ ಒಂದರ ಮೇಲೊಂದು ಕವುಚಿದ ಎರಡು ಕಂಚಿನ ತಟ್ಟೆ. ಕಾಲು ಎತ್ತಿ ಬಾರಿಸಿದರೆ ಛೀಂ ಎಂದು ಹರಡುತ್ತದೆ, ಪೆಡಲ್ ಒತ್ತಿ ಬಾರಿಸಿದರೆ ಚಿಕ್ ಎಂದು ಬಾಯಿ ಮುಚ್ಚಿಕೊಳ್ಳುತ್ತದೆ. ಈ ಸೆಟ್ಟಿನಲ್ಲಿ ಕಂಚೂ ಇಲ್ಲ, ಜೋಡಿಯೂ ಇಲ್ಲ. ಕಾಲು ಎಷ್ಟು ಒತ್ತಿದೆ ಎಂದು ಪೆಡಲ್ ವೈರಿನ ಮೂಲಕ ಡಬ್ಬಿಗೆ ವರದಿ ಒಪ್ಪಿಸಬೇಕು, ಡಬ್ಬಿ ಅದನ್ನು ನಂಬಿ ಚಿಕ್ ಎನ್ನಬೇಕು. ಡಬ್ಬಿ ನಂಬುತ್ತಿರಲಿಲ್ಲ. ಹದಿನೆಂಟು ವರ್ಷ ಸರಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಳೆದ ಅಮಿತಕುಮಾರನಿಗೆ ತನ್ನ ಮಾತನ್ನು ಯಾರೂ ನಂಬದಿರುವುದು ರೂಢಿಯಾಗಿತ್ತು. ಆದರೆ ಇವತ್ತೊಂದು ದಿನ ಅದು ಆಗಬಾರದಿತ್ತು.

ಯಾಕೆಂದರೆ ಸಾಯಂಕಾಲ ನಾಲ್ಕಕ್ಕೆ ಭಾಲ್ಕಿಯಲ್ಲಿ ಅವರ ಭಜನಾ ಮಂಡಳಿಯ ವಚನ ಗಾಯನ ಇತ್ತು. ಆ ಮಂಡಳಿಯ ಪ್ರತಿ ಕರಪತ್ರದಲ್ಲೂ ಒಂದೇ ಕ್ರಮ. ಗಾಯನ: ಹಾವಗೆಪ್ಪ. ಹಾರ್ಮೋನಿಯಂ: ಅವರ ಧರ್ಮಪತ್ನಿ ವಿಮಲಾಬಾಯಿ. ಆಮೇಲೆ ತಬಲಾದವನ ಹೆಸರು. ಕೊನೆಗೆ ಸಣ್ಣ ಅಕ್ಷರದಲ್ಲಿ 'ಮತ್ತು ಸಂಗಡಿಗರು'. ಆ ಸಂಗಡಿಗರು ಎಂದರೆ ಒಬ್ಬನೇ, ತಾಳ ಹಿಡಿಯುವ ಅಮಿತಕುಮಾರ. ಬಹುವಚನ ಗೌರವಕ್ಕೆ ಹಾಕಿರಬಹುದು ಎಂದು ಅವನು ಹದಿನಾರು ವರ್ಷ ಸಮಾಧಾನ ಮಾಡಿಕೊಂಡಿದ್ದ. ಮಂಡಳಿಯ ಯಾವ ಫೋಟೋದಲ್ಲೂ ಅವನ ಎಡಗಿವಿಗಿಂತ ಹೆಚ್ಚಿನದು ಬಂದದ್ದಿಲ್ಲ.

ಮಳೆಗಾಲಕ್ಕೆ ಮುಂಚೆ ತಬಲಾದವನು ಲಾತೂರಿನ ಮಗಳ ಮನೆಗೆ ಹೋದವನು ಅಲ್ಲೇ ನಿಂತುಬಿಟ್ಟ. ಎರಡು ವರ್ಷದಿಂದ ಮೊಬೈಲ್ ನೋಡಿ ದಿಂಬು ಬಾರಿಸಿ ಡ್ರಮ್ಸ್ ಕಲಿಯುತ್ತಿದ್ದ ಅಮಿತಕುಮಾರ ಧೈರ್ಯ ಮಾಡಿ ಹಾವಗೆಪ್ಪನವರ ಮುಂದೆ ವಿಷಯ ಇಟ್ಟ. ಅವರು ಕಣ್ಣು ಮುಚ್ಚಿ ಕೇಳಿದರು.

"ನೋಡಪ ಅಮಿತ," ಅಂದರು, "ಭಾಲ್ಕಿ ಪ್ರೋಗ್ರಾಂ ಒಂದು ನೋಡ್ತೇನಿ. ಡಿಜೆದ್ಹಂಗ ಕೇಳಬಾರದು. ನಮ್ಮ ತಾಳದ್ಹಂಗ ಇರಬೇಕು ಸಪ್ಪಳ. ಬರೋಬರ್ ಆಯ್ತಂದ್ರ ಮುಂದಿನ ಪಾಂಪ್ಲೆಟಿನ್ಯಾಗ ನಿನ್ನ ಹೆಸರು. ಇಲ್ಲಂದ್ರ ಸುಮ್ನ ಹಳೀ ಜಾಗಾಕ್ಕ ಬಂದು ಕೂಡು."

ಹೀಗೆ ಅವನ ಹೆಸರು ಒಂದು ಚಿಕ್ ಮೇಲೆ ನಿಂತಿತ್ತು.

"ಏನ್ರಿ," ಒಳಗಿನಿಂದ ಹೆಂಡತಿ ಈಶ್ವರಿ ಕೇಳಿದಳು, "ಮುಂಜಾನಿಂದ ಒಂದೇ ಸಮನ ಯಾರಿಗೆ ಛೀ ಅನ್ಲಾಕತ್ತದ ಅದು?"

"ಪೆಡಲ್ ಹಿಡೀವಲ್ದು. ಸುಮ್ನಿರು ಜರಾ."

ಸುಮ್ಮನಿರಲು ಅದು ಅವನೊಬ್ಬನ ಮನೆಯ ವಿಷಯವಾಗಿ ಉಳಿದಿರಲಿಲ್ಲ. ಪಕ್ಕದ ಮನೆಯ ಕಾಶೀರಾಮ ಆಗಲೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಅವರು ನಿವೃತ್ತ ಲೈನ್‌ಮನ್. ನಿವೃತ್ತಿಯಾಗಿ ಆರು ವರ್ಷವಾದರೂ ಅಂಗಿಯ ಕಿಸೆಯಲ್ಲಿ ಟೆಸ್ಟರ್ ಇಲ್ಲದೆ ಮನೆ ಬಿಟ್ಟು ಹೊರಬೀಳುವವರಲ್ಲ. ಮದುವೆಗೂ ಅದನ್ನೇ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಡ್ರಮ್ಮಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಡಬ್ಬಿಯ ಹಿಂದೆ ಬಗ್ಗಿ ನೋಡಿ ತೀರ್ಪು ಕೊಟ್ಟರು.

"ಲೋಡ್ ಬರೋಬರ್ ಹಂಚಿಕಿ ಆಗಿಲ್ರಿ. ಎಲ್ಲಾ ವೈರ್ ಒಂದೇ ಕಡಿ ತುರುಕ್ಯಾರ."

ಅಮಿತಕುಮಾರ ಬೇಡ ಬೇಡ ಅನ್ನುವಷ್ಟರಲ್ಲಿ ಕಾಶೀರಾಮ ನಾಲ್ಕು ವೈರು ಕಿತ್ತು ತಮಗೆ ಸರಿ ಕಂಡ ತೂತುಗಳಿಗೆ ಹಾಕಿಬಿಟ್ಟಿದ್ದರು. ಈಗ ದೊಡ್ಡ ಡ್ರಮ್ಮಿಗೆ ಒದ್ದರೆ ಗಂಟೆಯ ಸದ್ದು ಬಂತು, ಸಣ್ಣ ಡ್ರಮ್ಮಿಗೆ ಬಡಿದರೆ ಛೀಂ ಬಂತು, ಹೈ-ಹ್ಯಾಟಿಗೆ ಬಡಿದರೆ ಏನೂ ಬರಲಿಲ್ಲ.

"ಛೀಂ ನಿಂತದಲ್ಲ," ಅಂದರು ಕಾಶೀರಾಮ. "ಅರ್ಧಾ ಕೆಲಸ ಆಯ್ತು."

ಅಷ್ಟರಲ್ಲಿ ಎದುರಿನ ಗ್ಯಾರೇಜಿನ ಮಕ್ಸೂದ ಕೈ ಒರೆಸಿಕೊಳ್ಳುತ್ತ ಬಂದ. ಸ್ಕೂಟರ್ ರಿಪೇರಿಯಲ್ಲಿ ಅವನು ಪಳಗಿದ ಕೈ. ಲೋಕದ ಸಕಲ ವಸ್ತುಗಳೂ ಸ್ಕೂಟರಿನ ಬೇರೆ ಬೇರೆ ಮಾಡೆಲ್ ಎಂದೇ ಅವನ ತಿಳುವಳಿಕೆ. ಪೆಡಲನ್ನು ಕೈಯಿಂದ ನಾಲ್ಕು ಸಲ ಒತ್ತಿ ಬಿಟ್ಟು ಕಿವಿಗೊಟ್ಟ.

"ಅಮಿತ ಭಾಯಿ, ಇದು ಕ್ಲಚ್ ಅದ. ಸಡಿಲಾಗಿ ಪ್ಲೇ ಜಾಸ್ತಿ ಆಗ್ಯಾದ. ಫಿಕರ್ ಮಾಡಬ್ಯಾಡ್ರಿ."

"ಕ್ಲಚ್ ಅಲ್ಲೋ ಮಕ್ಸೂದ, ಇದಕ್ಕ ಗೇರೇ ಇಲ್ಲ."

"ಗೇರ್ ಇಲ್ಲದ ಗಾಡಿ ಈಗ ಬರ್ಲಾಕತ್ತಾವಲ್ರಿ," ಅಂದು ಮಕ್ಸೂದ ಕಿಸೆಯಿಂದ ಗ್ರೀಸಿನ ಡಬ್ಬಿ ತೆಗೆದ.

ಗ್ರೀಸ್ ಹಚ್ಚಿದ ಮೇಲೆ ಪೆಡಲ್ ಬೆಣ್ಣೆಯಂತಾಯಿತು. ಎಷ್ಟು ಬೆಣ್ಣೆಯಂತೆ ಎಂದರೆ ಅಮಿತಕುಮಾರ ಒತ್ತಲು ಹೋದಾಗ ಕಾಲು ಜಾರಿ ಮುಂದಿನ ಕೊಳವೆಗೆ ಹೋಗಿ ಬಡಿಯಿತು. ಹೆಬ್ಬೆರಳು ಹಿಡಿದುಕೊಂಡು ಅವನು ಕೂತ. ಕಾಶೀರಾಮರಿಗೂ ಮಕ್ಸೂದನಿಗೂ ಇದು ಕರೆಂಟಿನ ದೋಷವೋ ಕ್ಲಚ್ಚಿನ ದೋಷವೋ ಎಂಬ ವಾದ ಹತ್ತಿತು. ವಾದ ಮುಗಿಯುವುದರೊಳಗೆ ಈಶ್ವರಿ ಎರಡು ಸಲ ಚಹಾ ಮಾಡಿ, ಒಂದು ಪಾತೇಲಿ ಮಂಡಕ್ಕಿ ಸುಸಲಾ ಖಾಲಿಯಾದದ್ದನ್ನು ನೋಡಿದಳು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

ಅಮಿತಕುಮಾರನಿಗೆ ನಿಜವಾಗಿ ದುಃಖವಾಯಿತು. ಮನಸ್ಸಿನಲ್ಲಿ ಅವನು ಆ ಕರಪತ್ರವನ್ನು ಎಷ್ಟು ಸಲ ಓದಿದ್ದನೆಂದರೆ 'ಡ್ರಮ್ಸ್: ಅಮಿತಕುಮಾರ' ಎಂಬ ಸಾಲಿನ ಅಕ್ಷರದ ದಪ್ಪವೂ ಅವನಿಗೆ ಗೊತ್ತಿತ್ತು.

"ಇದರ ಜೊತಿ ಒಂದು ಬುಕ್ ಬಂದಿತ್ತಲ್ರಿ," ಈಶ್ವರಿ ಅಂದಳು.

"ಅದು ಇಂಗ್ಲಿಷಿನ್ಯಾಗ, ಚೀನಿಯೊಳಗ ಅದ. ಚಿತ್ರ ಎಲ್ಲಾ ನೋಡೇನಿ ನಾ."

ಈಶ್ವರಿ ಶೇಂಗಾ ಹಿಂಡಿಯ ಭರಣಿಯ ಮೇಲೆ ಮುಚ್ಚಿದ್ದ ಆ ಪುಸ್ತಕವನ್ನು ತಂದು ಒರೆಸಿ ತೆರೆದಳು. ಮೂರನೆಯ ಪುಟದಲ್ಲಿ ಒಂದು ಪೆಡಲ್, ಅದರ ಮೇಲೊಂದು ಕಾಲು, ಕಾಲಿನ ಮೇಲೆ ದೊಡ್ಡದಾಗಿ ಕೆಂಪು ಕತ್ತರಿ ಗುರುತು.

"ಇದೇನ್ರಿ ಇದು?"

"ವಾದ್ಯಕ್ಕ ಚಪ್ಪಲ್ ಕಾಲು ಹಚ್ಚಬ್ಯಾಡ್ರಿ ಅಂತ ಅದರ ಅರ್ಥ. ಚೀನಾದವರಿಗೂ ಅಷ್ಟು ಸಂಸ್ಕಾರ ಅದ ನೋಡು. ಅದಕ್ಕೇ ನಾ ಪ್ರತಿಸಲ ಕಾಲು ತೊಳಕೊಂಡು ಕೂಡ್ತೇನಿ."

ಮಾತು ನಿಜ. ಬೆಳಗಿನಿಂದ ಅವನು ಕೂತಾಗಲೆಲ್ಲ ಮೊದಲು ಕಾಲು ತೊಳೆದು, ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತಪ್ಪಾಯಿತು ಎಂದು ಅದರ ಮೇಲೆ ಪಾದ ಊರಿ, ಆಮೇಲೆ ಭಕ್ತಿಯಿಂದ ಸ್ವಿಚ್ ಹಾಕುತ್ತಿದ್ದ. ತಬಲಾ ದಾಟಿದರೇ ಪಾಪ ಎಂದು ಬೆಳೆದವನು ವಾದ್ಯವನ್ನು ತುಳಿಯುವುದೆಂದರೆ ಸುಲಭದ ಮಾತಲ್ಲ.

ಈಶ್ವರಿ ಚಿತ್ರವನ್ನು ಬೆಳಕಿಗೆ ಹಿಡಿದಳು. "ಚಪ್ಪಲ್ ಎಲ್ಲಿ ಅದರಿ ಇಲ್ಲಿ? ಬರೀ ಕಾಲು ಅದ. ಬಾಜೂಕ ಸ್ವಿಚ್ ಅದ. ಸ್ವಿಚ್ ಹಾಕುವಾಗ ಕಾಲು ಇಡಬ್ಯಾಡ ಅಂತಾನೇ ಇರಬೇಕು."

ಸಂಗತಿ ಅಷ್ಟೇ ಆಗಿತ್ತು. ಸ್ವಿಚ್ ಹಾಕಿದ ಗಳಿಗೆಯಲ್ಲಿ ಪೆಡಲ್ ಹೇಗಿರುತ್ತದೋ ಅದೇ ಕಾಲೆತ್ತಿದ ಸ್ಥಿತಿ ಎಂದು ಡಬ್ಬಿ ಬರೆದುಕೊಳ್ಳುತ್ತದೆ. ಮೊದಲೇ ಒತ್ತಿಕೊಂಡು ಕೂತವನು ಇನ್ನೆಷ್ಟು ಒತ್ತಿದರೂ ಅದರ ಲೆಕ್ಕಕ್ಕಿಲ್ಲ. ಅಮಿತಕುಮಾರನ ಭಕ್ತಿಯೇ ಅವನಿಗೆ ಅಡ್ಡ ಬಂದಿತ್ತು.

ವೈರುಗಳನ್ನು ಚಿತ್ರ ನೋಡಿ ವಾಪಸು ಹಾಕಿ, ಗ್ರೀಸ್ ಒರೆಸಿ, ಕಾಲು ಮೇಲೆತ್ತಿ ಹಿಡಿದು ಸ್ವಿಚ್ ಹಾಕಿದ. ಹತ್ತು ಎಣಿಸಿದ. ಪೆಡಲನ್ನು ಪೂರ್ತಿ ಒತ್ತಿ ಕಡ್ಡಿಯಿಂದ ಮೆಲ್ಲಗೆ ಬಡಿದ.

ಚಿಕ್.

"ನಾ ಹೇಳಿಲ್ಲೇನು, ಲೋಡಿಂದೇ ತ್ರಾಸು," ಅಂದರು ಕಾಶೀರಾಮ.

"ಗ್ರೀಸ್ ಈಗ ಕುಂತದ ನೋಡ್ರಿ," ಅಂದ ಮಕ್ಸೂದ.

ಊಟದ ಹೊತ್ತಿನವರೆಗೂ ಅಮಿತಕುಮಾರ ಡಬ್ಬಿಯ ಗುಂಡಿ ತಿರುವುತ್ತ ಸದ್ದನ್ನು ಹದಕ್ಕೆ ತಂದ. ಹಾವಗೆಪ್ಪನವರ ಮಾತು ನೆನಪಿಟ್ಟುಕೊಂಡು ಡಿಜೆಯ ಸದ್ದನ್ನೆಲ್ಲ ತೆಗೆದು, ಸಣ್ಣ ಕಂಚಿನ ತೆಳ್ಳಗಿನ ಚಿಕ್ ಒಂದನ್ನು ಹುಡುಕಿ ಹಿಡಿದ. ಅಡಿಗೆಮನೆಯಿಂದ ಈಶ್ವರಿ ಕೂಗಿದಳು: "ಏನ್ರಿ, ಆ ಮಶೀನ್ ಬಿಟ್ಟು ಮತ್ತ ತಾಳ ಹಿಡಿದ್ರೇನು?" ಪದಕ ಸಿಕ್ಕಿದವನ ಹಾಗೆ ಅವನು ಕೂತಲ್ಲೇ ನಕ್ಕ. ಹೆಂಡತಿಯ ಕಿವಿಯೇ ಮೋಸ ಹೋಯಿತೆಂದರೆ ಭಾಲ್ಕಿ ಯಾವ ಲೆಕ್ಕ ಎನ್ನಿಸಿತು.

ಒಂದೂವರೆಗೆ ಮಕ್ಸೂದ ತನ್ನ ಅಣ್ಣನ ಪಿಕಪ್ ತಂದ. ಮುಂದಿನ ಸೀಟಿನಲ್ಲಿ ಹಾವಗೆಪ್ಪನವರು ಇಸ್ತ್ರಿ ಮುರಿಯದ ಹಾಗೆ ಕೂತಿದ್ದರು, ಪಕ್ಕದಲ್ಲಿ ವಿಮಲಾಬಾಯಿ. ಹಿಂದೆ ಹಾರ್ಮೋನಿಯಂ, ಡ್ರಮ್ ಸೆಟ್, ಅಮಿತಕುಮಾರ, ಏನಾದರೂ ಕರೆಂಟಿನ ಕೆಲಸ ಬಿದ್ದರೆ ಇರಲಿ ಎಂದು ಕಾಶೀರಾಮ, ಮತ್ತು ಹಣಮಂತಪ್ಪ.

ಹಣಮಂತಪ್ಪ ನಿವೃತ್ತ ಕಂಪೌಂಡರ್, ವಯಸ್ಸು ಎಪ್ಪತ್ತೊಂದು. ಅಮಿತಕುಮಾರ ಡ್ರಮ್ಮಿಗೆ ಬಡ್ತಿ ಪಡೆದದ್ದರಿಂದ ತಾಳ ಹಿಡಿಯಲು ಯಾರಾದರೂ ಬೇಕಿತ್ತು. ಸಾಯಂಕಾಲ ಕಟ್ಟೆಯ ಮೇಲೆ ಹಾವಗೆಪ್ಪನವರ ಪಕ್ಕದಲ್ಲಿ ಕೂಡುತ್ತಿದ್ದವರು ಹಣಮಂತಪ್ಪ, ಅವರಿಗೆ ತಾಳ ಸಿಕ್ಕಿತು. ಕಿವಿ ಮಂದ ಎನ್ನುವುದನ್ನು ಯಾರೂ ದೊಡ್ಡದು ಮಾಡಲಿಲ್ಲ. ಎಡಗಿವಿಯಲ್ಲಿ ಮಶೀನು ಇತ್ತು.

ಗಾಡಿ ಊರು ದಾಟಿದ ಮೇಲೆ ಅವರು ಅಮಿತಕುಮಾರನ ಕಡೆ ವಾಲಿ, ತಮ್ಮ ಲೆಕ್ಕದಲ್ಲಿ ಪಿಸುಮಾತು ಎನ್ನುವ ದನಿಯಲ್ಲಿ ಗುಟ್ಟು ಹೇಳಿದರು. "ಈ ತಾಳ ಠಣ್ ಅಂದ್ರ ಸಾಕು, ಕಿವಿಯಾಗಿಂದು ಕುಂಯ್ ಅಂತದಪ. ತಡಕೊಳ್ಳಾಕ ಆಗಲ್ಲ. ಅದಕ್ಕೇ ನಾ ಎರಡರ ನಡುವ ಕರ್ಚೀಫ್ ಇಟ್ಕೋತೇನಿ. ಕೈ ಅಂತೂ ಆಡ್ತದ. ನೀ ಯಾರಿಗೂ ಹೇಳಬ್ಯಾಡ."

"ಇಲ್ರಿ ಕಾಕಾ, ಯಾರಿಗೂ ಹೇಳಲ್ಲ," ಅಂದ ಅಮಿತಕುಮಾರ. ಅವನಿಗೆ ಒಳಗೊಳಗೇ ಸಂತೋಷವಾಗಿತ್ತು. ತನ್ನ ಚಿಕ್‌ಗೆ ಅಡ್ಡ ಬರುವ ಇನ್ನೊಂದು ಚಿಕ್ ವೇದಿಕೆಯ ಮೇಲೆ ಇರುವುದಿಲ್ಲ.

ಭಾಲ್ಕಿಯ ಕಲ್ಯಾಣ ಮಂಟಪ ತಲುಪಿದಾಗ ಮೂರು ಗಂಟೆ. ವೇದಿಕೆಯ ನಡುವೆ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ, ಅಮಿತಕುಮಾರ ಕೊಳವೆಗಳನ್ನು ಜೋಡಿಸಿ ಕಾಲು ಊರಿ ಕೂತು ನೋಡಿದ. ಫೋಟೋ ತೆಗೆಯುವವನು ಎಲ್ಲಿ ನಿಲ್ಲಬಹುದು ಎಂದೂ ನೋಡಿಕೊಂಡ. ಆಗ ಹಾವಗೆಪ್ಪನವರು ಬಂದರು.

"ಏನೋ ಇದು? ವಾದ್ಯಕ್ಕ ಕಾಲು ಹಚ್ಚತಿ?"

"ಕಾಕಾರ, ಇದು ಕಾಲಿಲೇ ಬಾರಿಸೋದದ್ರಿ. ಒತ್ತಿದ್ರೇ ಚಿಕ್ ಅಂತದ."

"ತಬಲಾದಂವ ಇಪ್ಪತ್ತು ವರ್ಷ ಬಾರಿಸ್ಯಾನ. ಒಂದಿನ ಕಾಲು ಹಚ್ಚಿಲ್ಲ ಅವ."

"ತಬಲಾಕ್ಕ ಪೆಡಲ್ ಇರಲ್ರಿ."

"ಅದಕ್ಕೇ ಅಂತೇನಿ. ಮುಂದ ಜನ ಕೂತಿರ್ತಾರ, ಹಿಂದ ಶರಣರ ಫೋಟೋ ಇರ್ತದ, ನಡುವ ನೀ ಕೂತು ವಾದ್ಯ ತುಳೀತಿ. ಶೋಭಾ ಕೊಡ್ತದೇನು?" ಅವರು ವೇದಿಕೆಯನ್ನು ಒಂದು ಸುತ್ತು ನೋಡಿದರು. "ಬ್ಯಾನರಿನ ಹಿಂದ ಇಟ್ಕೋ. ಸಪ್ಪಳ ಬಂದ್ರ ಆಯ್ತು."

ಹೀಗೆ ಹದಿನಾರು ವರ್ಷ ಎಡಗಿವಿಯಾದರೂ ಕಾಣಿಸುತ್ತಿದ್ದವನು ಪೂರ್ತಿಯಾಗಿ ಬಟ್ಟೆಯ ಹಿಂದೆ ಹೋದ. ಆದರೂ ಹೆಸರು ಬರುವುದು ಕರಪತ್ರದಲ್ಲಿ, ಅಲ್ಲಿ ಬ್ಯಾನರ್ ಇರುವುದಿಲ್ಲ ಎಂದು ಧೈರ್ಯ ತಂದುಕೊಂಡ. ಎಲ್ಲ ಸಾಮಾನು ಹಿಂದಕ್ಕೆ ಸಾಗಿಸಿ, ಮೈಕಿನವನಿಂದ ಒಂದು ಲೈನು ಇಸಿದುಕೊಂಡು, ಕಾಲು ತೊಳೆಯಲು ಹೊರಗಿನ ನಲ್ಲಿಗೆ ಹೋಗಿಬಂದ.

ಕಾಲು ಮೇಲೆತ್ತಿ ಸ್ವಿಚ್ ಹಾಕಿದ. ಹತ್ತು ಎಣಿಸಿದ. ಒತ್ತಿ ಬಡಿದ.

ಛೀಂ.

ಆರಿಸಿ ಮತ್ತೆ ಹಾಕಿದ. ಛೀಂ. ಆ ಹೊತ್ತಿಗೆ ಸಭೆ ತುಂಬಿತ್ತು. ಬ್ಯಾನರಿನ ಆಚೆ ಹಾವಗೆಪ್ಪನವರ ಪ್ರಾಸ್ತಾವಿಕ ಭಾಷಣ ಶುರುವಾಗಿತ್ತು. ವಿಷಯ, ಎಂದಿನಂತೆ, ಮೂಢನಂಬಿಕೆ.

"ಶರಣರು ನಮಗ ಹೇಳಿದ್ದು ಕಾಯಕ ಮಾಡ್ರಿ ಅಂತ," ಎನ್ನುತ್ತಿದ್ದರು ಹಾವಗೆಪ್ಪ. "ನಾವು ಮಾಡೋದೇನು? ಹೊಸಾ ಗಾಡಿ ತಂದ್ರ ಗಾಲಿ ಕೆಳಗ ನಿಂಬಿಕಾಯಿ ಇಡ್ತೇವಿ. ನಿಂಬಿಕಾಯಿ ಇಟ್ರ ಗಾಡಿ ಓಡ್ತದೇನ್ರಿ? ಪೆಟ್ರೋಲ್ ಹಾಕಬೇಕು."

ಢಬ್.

ಅಮಿತಕುಮಾರ ಡಬ್ಬಿಯ ಸ್ವಿಚ್ ಹಾಕಿದಾಗಲೆಲ್ಲ ದೊಡ್ಡ ಸ್ಪೀಕರಿನಲ್ಲಿ ಹಾಗೊಂದು ಸದ್ದು ಬರುತ್ತಿತ್ತು. ಜನ ಬೆಚ್ಚಿದರು. ಮಾತಿಗೆ ತಕ್ಕ ಹಿನ್ನೆಲೆ ಸಂಗೀತ ಇರಬೇಕೆಂದು ಯಾರೋ ಚಪ್ಪಾಳೆ ತಟ್ಟಿದರು. ಹಾವಗೆಪ್ಪನವರಿಗೆ ಹುರುಪು ಬಂತು.

"ಅಂಥಾದ್ದು ನಮ್ಮ ಮನಿಯಾಗೂ ಇಲ್ಲ, ನಮ್ಮ ಮಂಡಳಿಯಾಗೂ ಇಲ್ಲ."

ಢಬ್. ಮತ್ತೆ ಚಪ್ಪಾಳೆ.

ಕಾಶೀರಾಮ ಬಗ್ಗಿಕೊಂಡು ಬ್ಯಾನರಿನ ಹಿಂದೆ ಬಂದರು, ಅವರ ಹಿಂದೆ ಮಕ್ಸೂದ. "ವೋಲ್ಟೇಜ್ ಕಮ್ಮಿ ಅದ," ಅಂದರು ಕಾಶೀರಾಮ ಟೆಸ್ಟರ್ ತೆಗೆಯುತ್ತ. "ಅಲ್ರಿ, ಕ್ಲಚ್ ಪ್ಲೇಟೇ ಹೋಗ್ಯಾದ," ಅಂದ ಮಕ್ಸೂದ. ಅಮಿತಕುಮಾರ ಇಬ್ಬರಿಗೂ ಕೈ ಮುಗಿದು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಮೊಬೈಲಿನ ಬೆಳಕು ಬಿಟ್ಟು ಪೆಡಲಿನ ಅಡಿ ಇಣುಕಿದ.

ಅಲ್ಲಿ, ಕಾಲು ಒತ್ತಿದರೆ ಪೂರ್ತಿ ಕೆಳಗಿಳಿಯದಂತೆ ಒಳಕ್ಕೆ ದೂಡಿ ಇಟ್ಟ ಒಂದು ನಿಂಬಿಕಾಯಿ ಕೂತಿತ್ತು. ಅರಿಷಿಣ ಹಚ್ಚಿತ್ತು, ಕುಂಕುಮವೂ ಹಚ್ಚಿತ್ತು. ಕಾಯಿ ಗಟ್ಟಿಯದು, ಒಳ್ಳೆ ಆರಿಸಿ ತಂದದ್ದು.

ಈಶ್ವರಿಯದೇ ಕೆಲಸ, ಮನೆಯಲ್ಲೇ ಸಿಕ್ಕಿಸಿ ಕಳಿಸಿದ್ದಾಳೆ ಎಂದು ಅವನು ಹಲ್ಲು ಕಡಿದ. ಬೈಯಲು ವೇಳೆ ಇರಲಿಲ್ಲ. ಕಾಯಿಯನ್ನು ಹೊರಗೆಳೆದು ಅಂಗಿಯ ಕಿಸೆಗೆ ಹಾಕಿ, ಕಾಲೆತ್ತಿ ಸ್ವಿಚ್ ಒತ್ತಿದ. ಆಚೆ ವಿಮಲಾಬಾಯಿ ಹಾರ್ಮೋನಿಯಮ್ಮಿನ ಸ್ವರ ಹಿಡಿದಿದ್ದರು. ಹಾವಗೆಪ್ಪನವರು ಮೊದಲ ವಚನದ ಮೊದಲ ಪದ ಎತ್ತಿದ್ದರು. ಅಮಿತಕುಮಾರ ಉಸಿರು ಹಿಡಿದು, ಪೆಡಲನ್ನು ನೆಲ ಮುಟ್ಟುವವರೆಗೆ ಒತ್ತಿ ಬಡಿದ.

ಚಿಕ್.

ಆಮೇಲಿನ ಒಂದೂವರೆ ತಾಸು ಅವನ ಬದುಕಿನಲ್ಲೇ ಚಲೋ ಹೊತ್ತು. ಚಿಕ್ ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ವಿಳಂಬದಲ್ಲಿ ಉಸಿರಾಡಿದ ಹಾಗೆ, ದ್ರುತದಲ್ಲಿ ಅಕ್ಕಿ ಚೆಲ್ಲಿದ ಹಾಗೆ. ಉಳಿದ ತಟ್ಟೆಗಳನ್ನು ಅವನು ಹೆಚ್ಚು ಮುಟ್ಟಲೇ ಇಲ್ಲ. ಹಾವಗೆಪ್ಪನವರ ದನಿ ಎಂದೂ ಹೋಗದ ಕಡೆಗೆಲ್ಲ ಧೈರ್ಯವಾಗಿ ಹೋಗಿ, ಚಿಕ್ ಹಿಡಿದುಕೊಂಡು ವಾಪಸು ಬಂತು. ಬ್ಯಾನರಿನ ಹೊಲಿಗೆ ಬಿಚ್ಚಿದಲ್ಲಿ ಒಂದು ಸಂದು ಇತ್ತು. ಅದರಿಂದ ಅವನಿಗೆ ಮುಂದಿನ ಸಾಲಿನ ಜನ ತಲೆ ತೂಗುವುದು ಕಾಣುತ್ತಿತ್ತು. ಹಣಮಂತಪ್ಪನವರ ಬೆನ್ನೂ ಕಾಣುತ್ತಿತ್ತು. ಅವರು ಹಾವಗೆಪ್ಪನವರ ತುಟಿ ನೋಡುತ್ತ, ಬಿಳಿ ಕರ್ಚೀಫಿನ ಎರಡೂ ಬದಿ ತಾಳ ಹಿಡಿದು, ಬಹಳ ಶ್ರದ್ಧೆಯಿಂದ ಕೈ ಆಡಿಸುತ್ತಿದ್ದರು.

ಕೊನೆಯ ವಚನ ಮುಗಿದಾಗ ಚಪ್ಪಾಳೆ ನಿಲ್ಲಲಿಲ್ಲ. ಮುಖ್ಯ ಅತಿಥಿ ಎದ್ದರು. ಔರಾದದ ನಿವೃತ್ತ ಮುಖ್ಯಗುರು ಸತೀಶಕುಮಾರ ಅವರು ಸಂಗೀತ ಬಲ್ಲವರು, ಸುಲಭವಾಗಿ ಹೊಗಳುವವರಲ್ಲ ಎಂಬ ಹೆಸರಿತ್ತು.

"ಹಾಡಿದವರು ಚಂದ ಹಾಡ್ಯಾರ, ಅದು ಬ್ಯಾರೆ ಮಾತು," ಅಂದರು ಅವರು. "ಆದ್ರ ಇವತ್ತು ನನ್ನ ಮನಸ್ಸಿಗೆ ನಾಟಿದ್ದು ಒಂದು ಸಣ್ಣ ಸಪ್ಪಳ. ಹಾಡಿನ ಗುಂಟ ಒಂದೂವರಿ ತಾಸು ಚಿಕ್, ಚಿಕ್, ಚಿಕ್. ಒಂದು ಕೂದಲೆಳಿ ಹಿಂದ ಮುಂದ ಆಗಲಿಲ್ಲ."

ಬ್ಯಾನರಿನ ಹಿಂದೆ ಅಮಿತಕುಮಾರ ಎದ್ದು ನಿಂತ. ಅಂಗಿ ಕೆಳಗೆ ಎಳೆದುಕೊಂಡ. ಕಣ್ಣು ತೇವವಾದದ್ದನ್ನು ಒರೆಸಿಕೊಂಡ.

"ಇಂಥಾ ಲಯ ನಾ ಎಲ್ಲೂ ಕೇಳಿಲ್ಲ. ಅದೂ ಈ ವಯಸ್ಸಿನ್ಯಾಗ."

ನಲವತ್ತನಾಲ್ಕು ಅಂಥ ವಯಸ್ಸೇನಲ್ಲ ಎಂದು ಅಮಿತಕುಮಾರನಿಗೆ ಸ್ವಲ್ಪ ಬೇಸರವಾಯಿತು. ಆದರೂ ಬ್ಯಾನರಿನ ಅಂಚು ಸರಿಸಿ ಒಂದು ಹೆಜ್ಜೆ ಹೊರಗಿಟ್ಟ.

"ತಾಳದ ಹಣಮಂತಪ್ಪನವರು ಮುಂದ ಬರಬೇಕು," ಅಂದರು ಸತೀಶಕುಮಾರ.

ಹಣಮಂತಪ್ಪನವರಿಗೆ ಕೇಳಿಸಲಿಲ್ಲ. ವಿಮಲಾಬಾಯಿ ಮೊಣಕೈಯಿಂದ ತಿವಿದು ಎಬ್ಬಿಸಿದರು. ಅವರು ಕರ್ಚೀಫನ್ನು ಮಡಚಿ ಕಿಸೆಗಿಟ್ಟುಕೊಂಡು, ಏನಾಗುತ್ತಿದೆ ಎಂದು ತಿಳಿಯದಿದ್ದರೂ ವಿನಯದಿಂದ ಕೈ ಮುಗಿದು ನಿಂತರು. ಸತೀಶಕುಮಾರ ಅವರಿಗೆ ಶಾಲು ಹೊದಿಸಿ ಹಾರ ಹಾಕಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಫೋಟೋದವನು ಮೊಣಕಾಲೂರಿ ಕ್ಯಾಮೆರಾ ಎತ್ತಿ, ಬ್ಯಾನರಿನ ಅಂಚಿನಲ್ಲಿ ನಿಂತಿದ್ದ ಅಮಿತಕುಮಾರನಿಗೆ ಕೈ ಸನ್ನೆ ಮಾಡಿದ.

"ಸರ್, ನೀವು ಫೋಟೋದಾಗ ಬರ್ಲಾಕತ್ತೀರಿ. ಜರಾ ಹಿಂದ ಸರೀರಿ."

ಅವನು ಹಿಂದೆ ಸರಿದ.

ಕೊಳವೆ ಬಿಚ್ಚುತ್ತ ಕೂತಿದ್ದಾಗ ಹಾವಗೆಪ್ಪನವರು ಒಬ್ಬರೇ ಒಳಗೆ ಬಂದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಪಂಚೆ ಎತ್ತಿ ಕುಕ್ಕರಗಾಲಲ್ಲಿ ಕೂತು, ಪೆಡಲಿನ ಅಡಿ ಕೈ ಹಾಕಿ ತಡಕಾಡಿದರು.

"ಇಲ್ಲಿ ಒಂದು ಇತ್ತಲ್ಲೋ."

ಅಮಿತಕುಮಾರ ಕಿಸೆಯಿಂದ ನಿಂಬಿಕಾಯಿ ತೆಗೆದು ಹಿಡಿದ. ಹಾವಗೆಪ್ಪನವರು ಒಂದು ಗಳಿಗೆ ಅದನ್ನೂ ಇವನನ್ನೂ ನೋಡಿದರು.

"ನೀ ಕಾಲು ತೊಳೀಲಾಕ ಹೋದಾಗ ಇಟ್ಟೆ," ಅಂದರು ಮೆಲ್ಲಗೆ. "ವಾದ್ಯಕ್ಕ ಕಾಲು ಹಚ್ಚೋ ದೋಷ ಅದಲ್ಲ, ಅದಕ್ಕ. ಯಾರ ಮುಂದೂ ಅನ್ನಬ್ಯಾಡ ಮತ್ತ. ಆದ್ರ ನೋಡು, ಇದನ್ನ ಇಟ್ಟದ್ದಕ್ಕೇ ಪ್ರೋಗ್ರಾಂ ಇಷ್ಟು ಚಲೋ ಆಯ್ತು."

"ಕಾಕಾರ, ಅದನ್ನ ತಗದ ಮ್ಯಾಲೇ—"

"ಇರಲಿ, ಇರಲಿ." ಅವರು ಕಾಯಿಯನ್ನು ಕಣ್ಣಿಗೊತ್ತಿಕೊಂಡು ಜುಬ್ಬಾದ ಕಿಸೆಗೆ ಇಳಿಸಿದರು.

ಅಮಿತಕುಮಾರನಿಗೆ ಇನ್ನು ತಡೆಯಲಾಗಲಿಲ್ಲ. ಕೊಟ್ಟ ಮಾತು ನೆನಪಾದರೂ ಹೊರಗೆ ಬಂದೇಬಿಟ್ಟಿತು. "ಆ ಚಿಕ್ ನಂದ್ರಿ. ಹಣಮಂತಪ್ಪ ಕಾಕಾನ ತಾಳ ಒಂದು ಸಲನೂ ಅಂದಿಲ್ಲ. ನಡುವ ಕರ್ಚೀಫ್ ಇಟ್ಕೊಂಡಿದ್ರು ಅವರು."

ಹಾವಗೆಪ್ಪನವರ ಮುಖದಲ್ಲಿ ಯಾವ ಆಶ್ಚರ್ಯವೂ ಕಾಣಲಿಲ್ಲ.

"ಗೊತ್ತದಪ. ನಾ ಬಾಜೂಕೇ ಕೂತಿದ್ದೆ, ಕಣ್ಣಿಲ್ಲೇನು ನನಗ? ಆದ್ರ ಹೊಚ್ಚಿದ ಶಾಲು ತಿರುಗಿ ಇಸ್ಕೊಳ್ಳಾಕ ಬರ್ತದೇನು? ಮುಖ್ಯಗುರುಗಳು ಮುಂದಿನ ಐತವಾರ ಔರಾದಕ್ಕ ಕರದಾರ. ತಾಳ ಕೇಳಬೇಕಂತ ಡಾಬಕಾ ಊರಿಂದ ಸುದ್ದಾ ಜನ ಬರ್ತಾರಂತ." ಅವರು ಡ್ರಮ್ ಸೆಟ್ಟನ್ನು ಒಮ್ಮೆ ನೋಡಿ ಮುಖ ತಿರುಗಿಸಿದರು. "ನೀ ಹಿಂಗ ಮಾಡು. ಈ ಕಾಲಿನ ಉಸಾಬರಿನೇ ಬ್ಯಾಡ. ಇದನ್ನ ಮನಿಯಾಗ ಇಡು. ನಿನ್ನ ಹಳೀ ತಾಳ ತಗೊಂಡು ಬ್ಯಾನರಿನ ಹಿಂದ ಕೂಡು. ಮುಂದ ಹಣಮಂತಪ್ಪ ಕೈ ಆಡಸ್ತಾನ, ಹಿಂದ ನೀ ಬಾರಸು. ಹದಿನಾರು ವರ್ಷದ ಕೈ ಅದ ನಿಂದು, ಬರೋಬರ್ ಆಗ್ತದ."

ಅವನು ಏನಾದರೂ ಅನ್ನುವುದರೊಳಗೆ ಅವರ ಮೊಬೈಲ್ ರಿಂಗಾಯಿತು. ಔರಾದದ ಕರಪತ್ರ ಅಚ್ಚು ಹಾಕುವವನು.

"ಹಾಂ, ಬರಕೋರಿ," ಅಂದರು ಹಾವಗೆಪ್ಪ. "ಗಾಯನ, ಹಾವಗೆಪ್ಪ. ಹಾರ್ಮೋನಿಯಂ, ವಿಮಲಾಬಾಯಿ. ತಾಳ, ಹಣಮಂತಪ್ಪ. ಅದರ ಹಿಂದ 'ಲಯಬ್ರಹ್ಮ' ಅಂತ ಹಾಕ್ರಿ. ದಪ್ಪ ಅಕ್ಷರದಾಗ ಇರಲಿ." ಸ್ವಲ್ಪ ತಡೆದು ಅಮಿತಕುಮಾರನ ಕಡೆ ನೋಡಿದರು. ಅವನೂ ನೋಡಿದ. "ಕೊನಿಗೆ, ಮತ್ತು ಸಂಗಡಿಗರು."

ಪಿಕಪ್ಪಿನ ಹಿಂದೆ ಅವನು ಪೆಡಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎದುರಿಗೆ ಹಣಮಂತಪ್ಪ ಶಾಲು ಹೊದ್ದು, ಹಾರ ಬಾಡದಂತೆ ಮಡಿಲಲ್ಲಿ ಹಿಡಿದಿದ್ದರು. ಭಾಲ್ಕಿ ದಾಟಿದ ಮೇಲೆ ಮುಂದಕ್ಕೆ ಬಾಗಿದರು.

"ಅಮಿತ, ಇವತ್ತು ನಿನ್ನ ಮಶೀನ್ ಬಾರಿಸಿದೇನಪ? ನನಗಂತೂ ಏನೂ ಕೇಳಿಸಲಿಲ್ಲ."

"ಯಾರಿಗೂ ಕೇಳಿಸಲಿಲ್ರಿ ಕಾಕಾ."

ಹಣಮಂತಪ್ಪ ಕಿವಿಯ ಮಶೀನು ಸರಿಮಾಡಿಕೊಂಡು ತೃಪ್ತಿಯಿಂದ ತಲೆಯಾಡಿಸಿದರು.

"ಹಾಂ," ಅಂದರು, "ಎಲ್ಲರೂ ನನಗ ಹಂಗೇ ಅಂದ್ರು, ಚಲೋ ಬಾರಿಸಿದ್ರಿ ಅಂತ."